ಪಾಯಸ ಕೇಳುವ ದೆವ್ವದ ಸಿನಿಮಾ

ಸಿನಿಮಾದ ವಿಷಯಕ್ಕೆ ಬಂದರೆ ನಾನು ಜಗಳಗಂಟಿ. ಬೇರೆ ವಿಷಯಗಳಲ್ಲೂ ನಾನೇನು ಸಾಧುವಲ್ಲ, ಆದರೆ ಕೆಟ್ಟ ಸಿನಿಮಾವನ್ನು ಯಾರಾದರೂ ಹೊಗಳಿದರೆ ಪಿತ್ತ ನೆತ್ತಿಗೇರುತ್ತದೆ. ಸಾಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಉತ್ತರ ಪತ್ರಿಕೆ ತಿದ್ದಿ ತಿದ್ದಿ, ಎದುರಿಗಿದ್ದವರು ಬಾಯಿ ಬಿಟ್ಟರೆ ಸಾಕು, ಪಕ್ಕದಲ್ಲೊಂದು ಕೆಂಪು ಗೆರೆ ಎಳೆಯಬೇಕೆಂದು ಕೈ ತುರಿಸುತ್ತದೆ. ಹೋದ ವರ್ಷದ ಡಿಸೆಂಬರಿನ ಕೊನೆಯ ಭಾನುವಾರದ ತನಕ ಇದೊಂದು ಗುಣವೆಂದೇ ತಿಳಿದಿದ್ದೆ.

ನಮ್ಮ ಮನೆಯಲ್ಲಿ ಆ ದಿನಕ್ಕೊಂದು ಪದ್ಧತಿಯಿತ್ತು. ಮಾಡಿದವರು ಅಪ್ಪಯ್ಯ. ಅವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ವರ್ಷದ ಕೊನೆಯ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಉಳಿದುಹೋದ ಹಳೇ ಗುಲಾಬಿ ಟಿಕೆಟುಗಳ ಕಟ್ಟು ತಂದು ನನಗೆ, ತಮ್ಮನಿಗೆ, ಮೇಳಿಗೆಯಿಂದ ಬರುವ ಚಿಕ್ಕಮ್ಮನಿಗೆ ತಲಾ ಐದೈದು ಹರಿದು ಕೊಡುತ್ತಿದ್ದರು. ಟಿಕೆಟಿನ ಬೆನ್ನಿಗೆ ಆ ವರ್ಷ ನೋಡಿದ್ದರಲ್ಲಿ ನೋಡಲೇಬೇಕಾದ ಸಿನಿಮಾಗಳ ಹೆಸರು ಬರೆಯಬೇಕು. ಒಂದೊಂದಾಗಿ ಇಟ್ಟು ವಾದ ಮಾಡಬೇಕು. ಎಲ್ಲರೂ ಒಪ್ಪಿದ ಟಿಕೆಟಿಗೆ ಅಪ್ಪಯ್ಯ ತಮ್ಮ ಹಳೇ ಪಂಚಿನಿಂದ ಟಕ್ ಎಂದು ತೂತು ಹೊಡೆದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ತೂತು ಬೀಳದ ಸಿನಿಮಾ ಒಲೆಗೆ.

ನಿಯಮ ಒಂದೇ. ಹೆಸರು ಬೀಳುವಲ್ಲಿಂದ ಮುಗಿಯುವ ತನಕ ನೋಡಿರಬೇಕು. ಅರ್ಧಂಬರ್ಧ ನೋಡಿದವರಿಗೆ ಮಾತಾಡುವ ಹಕ್ಕಿಲ್ಲ. ಇದಕ್ಕೆ ಕಾರಣ ಅವರ ಕೆಲಸವೇ. ಸಾಗರದಲ್ಲಿ ಎರಡು ಟ್ರಿಪ್ಪಿನ ನಡುವೆ ಬಸ್ಸು ನಿಂತಿರುವಾಗ ಅವರು ಮ್ಯಾಟಿನಿಗೆ ಓಡುತ್ತಿದ್ದರು, ಕೊನೆಗೆ ಹೊಡೆದಾಟ ಶುರುವಾಗುವ ಹೊತ್ತಿಗೆ ಬಸ್ಸಿನ ಟೈಮಾಗಿ ಎದ್ದು ಬರುತ್ತಿದ್ದರು. "ನಂದೆಲ್ಲ ಮುಕ್ಕಾಲು ಸಿನಿಮಾ" ಎಂದು ನಗುತ್ತಿದ್ದರು. ಕೆಲಸ ಬಿಟ್ಟ ಮೇಲೆಯೇ ಅವರು ಸಿನಿಮಾಗಳನ್ನು ಪೂರ್ತಿ ನೋಡಲು ಶುರುಮಾಡಿದ್ದು.

ವಾದದಲ್ಲಿ ನನಗೆ ಸರಿಸಮಾನವಾಗಿ ನಿಲ್ಲುತ್ತಿದ್ದವನು ತಮ್ಮ. ನನಗಿಂತ ಏಳು ವರ್ಷ ಚಿಕ್ಕವನು. ಹೊಸನಗರದಲ್ಲಿ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ, ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯ ಅವನ ಜೊತೆಗೇ ಇದ್ದರು. ತಮ್ಮನಿಗೆ ಮದುವೆಯಾಗಿಲ್ಲ. "ನಗು ಬರೋ ಸಿನಿಮಾ ಎಲ್ಲ ನಿನ್ನ ಲೆಕ್ಕದಲ್ಲಿ ಕೆಟ್ಟದ್ದೇ ಅಲ್ದಾ ಅಕ್ಕ" ಎಂದು ಕೆಣಕುತ್ತಿದ್ದ. ನಾನು ಉರಿದುಬೀಳುತ್ತಿದ್ದೆ. ಅಪ್ಪಯ್ಯ ಇಬ್ಬರ ಮಾತನ್ನೂ ಕೇಳಿ ಕೊನೆಗೆ ನನ್ನ ಕಡೆ ತಿರುಗಿ, "ನೀನು ಓದಿದವ್ಳು, ನೀನು ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಪಂಚು ಹಾಗೇ ನಡೆಯುತ್ತಿತ್ತು. ಇದರಲ್ಲಿ ಅನ್ಯಾಯವಿದೆ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಹೋದ ವರ್ಷ ಜೂನಿನಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ನಿಂತಿತು. ನುಂಗುವುದೇ ಕಷ್ಟವಾಯಿತು. ತಮ್ಮ ಹನ್ನೊಂದೂವರೆಗೆ ಅಂಗಡಿಯ ಬಾಗಿಲು ಹಾಕಿ ಬಂದು ಎರಡೂವರೆ ತನಕ ಊಟ ಮಾಡಿಸುತ್ತಿದ್ದ. ನಾನು ಭಾನುವಾರ ಬೆಳಗಿನ ಬಸ್ಸಿಗೆ ಬಟ್ಟೆಮಲ್ಲಪ್ಪದ ದಾರಿಯಾಗಿ ಬಂದು ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು. ನನಗೆ ಶಾಲೆಯಿತ್ತು, ಮನೆಯಿತ್ತು, ಅತ್ತೆಯವರ ಮಂಡಿನೋವಿತ್ತು. ಇವೆಲ್ಲ ನಿಜ. ಆದರೂ ಬರೆಯುವಾಗ ಪಟ್ಟಿ ಮಾಡಬೇಕೆನ್ನಿಸುತ್ತಿದೆಯಲ್ಲ, ಅದೇ ನನಗೆ ನಾಚಿಕೆ. ನವೆಂಬರಿನಲ್ಲಿ ಅಪ್ಪಯ್ಯ ಹೋದರು.

ಡಿಸೆಂಬರಿನಲ್ಲಿ ಸೇರುವುದು ಬೇಡವೆಂದು ನಾನಂದೆ. ಚಿಕ್ಕಮ್ಮ ಬಿಡಲಿಲ್ಲ. "ಹಬ್ಬ ಮಾಡಂಗಿಲ್ಲ, ಸರಿ. ಇದೇನು ಹಬ್ಬನಾ? ಭಾವ ಇದ್ದಿದ್ರೆ ಬಿಡ್ತಿದ್ರಾ?" ಎಂದರು. ಸರಿಯೆಂದು ಹೋದೆ. ಅಪ್ಪಯ್ಯ ಮಲಗಿದ್ದ ಮಂಚವನ್ನು ತಮ್ಮ ಗೋಡೆಗೆ ಸರಿಸಿ, ಆ ಜಾಗದಲ್ಲಿ ಬೆಂಚು ಇಟ್ಟಿದ್ದ. ಊಟವಾಯಿತು. ಪಂಚು ಯಾರ ಕೈಗೆ ಎಂದು ಯಾರೂ ಕೇಳಲಿಲ್ಲ. ನಾನೇ ತೆಗೆದುಕೊಂಡೆ.

ನನ್ನ ಮೊದಲ ಟಿಕೆಟು, ಸಮುದ್ರದ ಹತ್ತಿರದ ಮನೆಯೊಂದರಲ್ಲಿ ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವ ಮಗಳ ಸಿನಿಮಾ. ಮಾತು ಕಡಿಮೆ, ಬೆಳಕು ಬಹಳ ಚಂದ. ಅಪ್ಪಯ್ಯ ಹೋಗಿ ಹದಿನೈದು ದಿನಕ್ಕೆ ಅದನ್ನು ನೋಡಿ ಒಬ್ಬಳೇ ಕೂತು ಅತ್ತಿದ್ದೆ. ಸಾಗರದ ನಮ್ಮ ಓದುಬಳಗದ ವಾಟ್ಸಾಪ್ ಗುಂಪಿನಲ್ಲಿ ಅದರ ಬಗ್ಗೆ ಉದ್ದ ಬರೆದಿದ್ದೆ. ಕಣ್ಣು ತುಂಬಿಬಂತು ಮೇಡಂ ಎಂದು ಹಲವರು ಉತ್ತರಿಸಿದ್ದರು. ಅವರ ಮೆಚ್ಚುಗೆಯೂ ನನಗೆ ಸಾಂತ್ವನವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ತಮ್ಮನಿಗೂ ಕಳಿಸಿದ್ದೆ.

"ನೋಡ್ದೆ" ಎಂದ ತಮ್ಮ. "ಹದಿನೈದು ನಿಮಿಷದ ಮೇಲೆ ಆಗ್ಲಿಲ್ಲ."

"ಯಾಕೆ?"

"ಆ ಮುದುಕ್ರ ಹಾಸಿಗೆ ನೋಡಿದ್ಯಾ? ಬಿಳೀ ಬೆಡ್‌ಶೀಟು, ಒಂದು ಕಲೆ ಇಲ್ಲ. ಆ ಹುಡ್ಗಿ ಕಿಟಕಿ ಹತ್ರ ನಿಂತ್ಕಂಡು ಹೊರಗೆ ನೋಡ್ತಾನೇ ಇರ್ತಾಳೆ. ಅಷ್ಟು ಪುರುಸೊತ್ತು ಹೆಂಗಕ್ಕ ಅವ್ಳಿಗೆ? ಬಟ್ಟೆ ಒಗೆಯೋರು ಯಾರು?"

ಚಿಕ್ಕಮ್ಮ ಫಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವನು ಸಿನಿಮಾವನ್ನು ಆಡಿಕೊಳ್ಳುತ್ತಿಲ್ಲ, ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಅನ್ನಿಸಿತು. ಭಾನುವಾರ ಬಂದು ಅಪ್ಪಯ್ಯನ ಹಣೆ ನೇವರಿಸಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದವಳು ನಾನೇ ತಾನೆ.

"ಪೂರ್ತಿ ನೋಡ್ದೆ ಮಾತಾಡ್ಬೇಡ" ಎಂದೆ. "ನಿಂದು ಇಡು."

ಅವನು ಒಂದೇ ಟಿಕೆಟು ಇಟ್ಟ. ವರ್ಷವಿಡೀ ನೋಡಿದ್ದು ಅದೊಂದೇ ಎಂದ. ಹೆಸರು ಓದಿ ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಕಲ್ಯಾಣ ಮಂಟಪವೊಂದರಲ್ಲಿ ಅಡುಗೆ ಭಟ್ಟನಿಗೆ ದೆವ್ವವೊಂದು ಗಂಟುಬಿದ್ದು, ಯಾವ ಮದುವೆಯಾದರೂ ಮೊದಲು ತನಗೆ ಪಾಯಸ ಬಡಿಸು ಎಂದು ಕಾಡುವ ಕಥೆ. ಭಟ್ಟ ಸೌಟು ಹಿಡಿದು ಓಡುವುದು, ಜಾರಿ ಸಾರಿನ ಹಂಡೆಯಲ್ಲಿ ಕೂರುವುದು, ಹಿಂದೆ ಕಿವಿ ಕಿತ್ತುಹೋಗುವಂಥ ಸಂಗೀತ. ಟ್ರೇಲರ್ ನೋಡಿಯೇ ನನಗೆ ಸಾಕಾಗಿತ್ತು.

"ಇದನ್ನ ಪೂರ್ತಿ ನೋಡಿದ್ಯಾ?" ಎಂದೆ.

"ಇಲ್ಲ. ಕೊನೇ ಅರ್ಧ ಗಂಟೆ ಬಾಕಿ."

"ಮುಗೀತಲ್ಲ ಹಂಗಾರೆ. ನಿಯಮ ಅಂದ್ರೆ ನಿಯಮ." ಪಂಚಿನ ತುದಿಯಿಂದ ಆ ಟಿಕೆಟನ್ನು ಪಕ್ಕಕ್ಕೆ ದೂಡಿದೆ. ಅದು ಬೆಂಚಿನಿಂದ ಕೆಳಗೆ ಬಿತ್ತು. ತಮ್ಮ ಬಗ್ಗಿ ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಮುಂದಿನದು ಚಿಕ್ಕಮ್ಮನದು ಎಂದು ನಾನು ಕೈ ಚಾಚಿದೆ.

ಆಗ ಅವನು ಹೇಳತೊಡಗಿದ. ದನಿ ಏರಿಸಲಿಲ್ಲ, ಜೆರಾಕ್ಸ್ ಅಂಗಡಿಗೆ ಬಂದವರಿಗೆ ಯಾವ ಅರ್ಜಿಗೆ ಯಾವ ದಾಖಲೆ ಎಂದು ಹೇಳುವಷ್ಟೇ ಸಾವಧಾನವಾಗಿ ಹೇಳಿದ. ಅಕ್ಟೋಬರಿನ ಹೊತ್ತಿಗೆ ಅಪ್ಪಯ್ಯ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರಂತೆ. ಗಂಜಿ ಹಿಡಿದು ಮುಕ್ಕಾಲು ಗಂಟೆ ಕೂತರೂ ನಾಲ್ಕು ಚಮಚ ಹೋಗುತ್ತಿರಲಿಲ್ಲ. ತಿಂಗಳ ಕೊನೆಗೆ ಒಂದು ದಿನ ಮೊಬೈಲಿನಲ್ಲಿ ಸುಮ್ಮನೆ ಈ ಸಿನಿಮಾ ಹಚ್ಚಿಟ್ಟನಂತೆ. ಭಟ್ಟ ಹಂಡೆಯಲ್ಲಿ ಕೂತದ್ದೇ ಅಪ್ಪಯ್ಯ ನಕ್ಕರು. ಬಾಯಿ ತೆರೆಯಿತು. ನಗು ಮುಗಿಯಲಿ ಎಂದು ಕಾದು, ಸಿನಿಮಾ ನಿಲ್ಲಿಸಿ, ಒಂದು ಚಮಚ. ನುಂಗಿದ ಮೇಲೆ ಮತ್ತೆ ಸಿನಿಮಾ. ಒಂದು ಊಟಕ್ಕೆ ಹತ್ತು ನಿಮಿಷದ ಸಿನಿಮಾ ಆಗುತ್ತಿತ್ತು. ಚೆನ್ನಾಗಿದ್ದಲ್ಲಿ ಹಿಂದಕ್ಕೆ ಹಾಕು ಎಂದು ಎಡಗೈಯಲ್ಲಿ ಸನ್ನೆ ಮಾಡುತ್ತಿದ್ದರಂತೆ.

"ಇನ್ನು ಅರ್ಧ ಗಂಟೆ ಇತ್ತು. ಒಂದು ಭಾನ್ವಾರ ನೀನು ಬಂದೆ" ಎಂದ.

ಅಷ್ಟು ಹೇಳಿದ್ದೇ ನನಗೆ ನೆನಪಾಯಿತು. ಆದರೆ ಆ ಭಾನುವಾರ ನನ್ನ ನೆನಪಿನಲ್ಲಿ ಇದ್ದದ್ದು ಬೇರೆ ರೀತಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ಕಿರುಚಾಟ ಕೇಳಿತ್ತು. ಒಳಗೆ ಬಂದರೆ ಅಪ್ಪಯ್ಯನ ಗಲ್ಲದ ಮೇಲೆ ಗಂಜಿ ಇಳಿದಿತ್ತು. ನುಂಗುವಾಗ ನಗಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ತಮ್ಮನ ಕೈಯಿಂದ ಮೊಬೈಲು ಕಿತ್ತು ಆಫ್ ಮಾಡಿದೆ, ಚೆನ್ನಾಗಿ ಬೈದೆ. ಮರುದಿನ ಸ್ಟಾಫ್ ರೂಮಿನಲ್ಲಿ, ನಾನು ಸಮಯಕ್ಕೆ ಸರಿಯಾಗಿ ಹೋಗಿದ್ದಕ್ಕೆ ಬಚಾವು ಎಂದು ಹೇಳಿಕೊಂಡಿದ್ದೆ ಕೂಡ.

"ನಂಗೆ ಬೈದಿದ್ದು ಇರ್ಲಿ ಅಕ್ಕ. ಅಪ್ಪಯ್ಯಂಗೆ ಎಂಥ ಹೇಳ್ದೆ, ನೆನಪಿದ್ಯಾ?"

ನನಗೆ ನೆನಪಿರಲಿಲ್ಲ.

"'ನೀನು ನೋಡೋ ಸಿನಿಮಾನಾ ಅಪ್ಪಯ್ಯ ಇದು' ಅಂದೆ."

ಚಿಕ್ಕಮ್ಮ ಎಲೆಅಡಿಕೆಯ ಕವಳ ಅಗಿಯುವುದನ್ನು ನಿಲ್ಲಿಸಿ ತಮ್ಮನ ಮುಖವನ್ನೇ ನೋಡುತ್ತಿದ್ದರು.

"ಸೋಮವಾರ ಮತ್ತೆ ಹಚ್ದೆ. ಅಪ್ಪಯ್ಯ ಬಾಗಿಲ ಕಡೆ ನೋಡಿದ್ರು, ನೀನು ಇದ್ಯಾ ಅಂತ. ಇಲ್ಲ ಅಂದೆ. ಆದ್ರೂ ಬೇಡ ಅಂತ ಕೈ ಮಾಡಿದ್ರು. ಗೋಡೆ ಕಡೆ ತಿರುಗಿದ್ರು. ಆಮೇಲೆ ಎಷ್ಟು ಸಲ ಹಚ್ಚಿದ್ರೂ ನೋಡ್ಲಿಲ್ಲ. ನಾಲ್ಕು ದಿನ ಹಂಗೇ ಇದ್ರು. ಗುರುವಾರ ಹೋದ್ರು."

ಎರಡನೆಯ ಸಲ ಲಕ್ವ ಹೊಡೆದು ಹೋದದ್ದು, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ತಮ್ಮನೂ ಅದನ್ನೇ ಹೇಳಿದ. "ನಿನ್ನಿಂದ ಆತು ಅಂತ ಹೇಳ್ತಿಲ್ಲ. ಹೇಳೋದೇ ಬೇಡ ಅಂತಿದ್ದೆ. ಟಿಕೆಟು ದೂಡಿದ್ಯಲ್ಲ, ಬಾಯಿಗೆ ಬಂತು." ಎದ್ದು ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದ. ನಲ್ಲಿ ಬಿಟ್ಟು ಅವುಗಳನ್ನು ತೊಳೆಯುವ ಸದ್ದು ಕೇಳುತ್ತಿತ್ತು. ನಾನು ಹಿಂದೆ ಹೋಗಿ ತಪ್ಪಾಯ್ತು ಎನ್ನಬೇಕಿತ್ತು. ಬೆಂಚಿನ ಮೇಲಿದ್ದ ಟಿಕೆಟುಗಳನ್ನು ಜೋಡಿಸುತ್ತ ಕೂತೆ. ನಾಲ್ಕು ಗಂಟೆಗೆ ಎಂದಿನಂತೆ ಬಸ್ಸಿಗೆ ಬಿಡಲು ಬಂದ, ಸೀಟು ಹಿಡಿದು ಕೊಟ್ಟ, ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟ. ಇಬ್ಬರೂ ಬಸ್ಸು ತಡವಾದ ಬಗ್ಗೆ ಮಾತಾಡಿದೆವು.

ಡಾಕ್ಟರು ಏನೇ ಹೇಳಲಿ, ನನ್ನನ್ನು ತಿನ್ನುವುದು ಅಪ್ಪಯ್ಯನ ಸಾವಲ್ಲ. ಆ ನಾಲ್ಕು ದಿನ. ತನಗೆ ನಗು ಬರಿಸಿದ್ದು ನಗಬಾರದ್ದು ಎಂದು ಅವರು ಒಪ್ಪಿಕೊಂಡರಲ್ಲ, ಮಗಳು ಓದಿದವಳು ಎಂಬ ಒಂದೇ ಕಾರಣಕ್ಕೆ. ಮಾತು ಬರುತ್ತಿದ್ದರೆ ವಾದ ಮಾಡುತ್ತಿದ್ದರೋ ಏನೋ. ಇಲ್ಲ, ಮಾಡುತ್ತಿರಲಿಲ್ಲ. ಮಾತಿದ್ದಾಗಲೂ ಅವರು ನನ್ನ ಮುಖ ನೋಡಿಯೇ ಪಂಚು ಒತ್ತುತ್ತಿದ್ದರು.

ಜನವರಿಯಲ್ಲಿ ಆ ಸಿನಿಮಾ ನೋಡಿದೆ. ಮೊದಲಿನಿಂದ ಕೊನೆಯ ತನಕ. ಎಲ್ಲಿ ಅಪ್ಪಯ್ಯ ನಕ್ಕಿರಬಹುದು ಎಂದು ಹುಡುಕುತ್ತ ಕೂತೆ. ಹಂಡೆಯ ದೃಶ್ಯವನ್ನು ಮೂರು ಸಲ ನೋಡಿದೆ. ನನಗೆ ನಗು ಬರಲಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ದೆವ್ವಕ್ಕೆ ಪಾಯಸ ಸಿಗುತ್ತದೆ, ಒಂದು ಅರ್ಥವಿಲ್ಲದ ಕುಣಿತವಿದೆ, ಮುಗಿಯುತ್ತದೆ. ಈಗಲೂ ಕೇಳಿದರೆ ಅದು ಕೆಟ್ಟ ಸಿನಿಮಾ ಎಂದೇ ಹೇಳುತ್ತೇನೆ. ಹಾಗೆ ಹೇಳದೆ ಇರಲಾರೆ, ಹೇಳಿದ ಮೇಲೆ ಆ ದಿನವಿಡೀ ಸಂಕಟಪಡುತ್ತೇನೆ. ಸಮುದ್ರದ ಮನೆಯ ಆ ಇನ್ನೊಂದು ಸಿನಿಮಾವನ್ನು ಮತ್ತೆ ನೋಡಲು ಹೋಗಿ ಬೆಡ್‌ಶೀಟಿನ ಹತ್ತಿರ ನಿಲ್ಲಿಸಿಬಿಟ್ಟೆ.

ತಮ್ಮ ಮುನಿಸಿಕೊಂಡಿಲ್ಲ. ವರ್ಷಾಂತಿಕಕ್ಕೆ ಎಲ್ಲ ಕೆಲಸ ಅವನೇ ಹೊತ್ತು ಮಾಡಿದ. ವಾರಕ್ಕೆರಡು ಸಲ ಫೋನು ಮಾಡುತ್ತಾನೆ, ಅತ್ತೆಯವರ ಮಂಡಿ ವಿಚಾರಿಸುತ್ತಾನೆ. ಹೊರಗಿನವರು ನೋಡಿದರೆ ಇಂಥ ತಮ್ಮ ಸಿಗಬೇಕು ಎನ್ನುತ್ತಾರೆ.

ಈ ಡಿಸೆಂಬರಿನಲ್ಲಿ ಚಿಕ್ಕಮ್ಮನಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಸೇರುವುದು ಆಗಲಿಲ್ಲ. ಕೊನೆಯ ಭಾನುವಾರ ಮಧ್ಯಾಹ್ನ ನಾನೇ ತಮ್ಮನಿಗೆ ಫೋನು ಮಾಡಿದೆ. ಬೆಳಗಿನಿಂದ ತಯಾರಾಗಿದ್ದೆ. ಅವನು ಯಾವ ಹಾಳು ಸಿನಿಮಾದ ಹೆಸರು ಹೇಳಿದರೂ ಕೇಳಬೇಕು, ಬೇಕಾದರೆ ಜೋರಾಗಿ ಜಗಳವಾಗಲಿ, ಅವನು ನನ್ನನ್ನು ಆಡಿಕೊಳ್ಳಲಿ, ಈ ಸಲ ಅವನೇ ಗೆಲ್ಲಲಿ ಎಂದುಕೊಂಡಿದ್ದೆ.

"ಈ ವರ್ಷ ಯಾವ್ಯಾವ್ದು ನೋಡ್ದೆ?" ಎಂದು ಕೇಳಿದೆ.

"ನಂಗೇನು ಗೊತ್ತಾಗ್ತದಕ್ಕ" ಎಂದ. ದನಿಯಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದರೆ ನನಗೆ ಗೊತ್ತಾಗುತ್ತಿತ್ತು. "ನೀನು ಓದಿದವ್ಳು. ಯಾವ್ದು ಚೆನ್ನಾಗಿದೆ ಅಂತ ನೀನೇ ಹೇಳು, ಅದನ್ನೇ ನೋಡ್ತೀನಿ."

ನಾನು ಫೋನು ಹಿಡಿದುಕೊಂಡು ನಿಂತೆ. ಆ ಕಡೆ ಅವನು ಪೆನ್ನು ಕಾಗದ ತೆಗೆದುಕೊಳ್ಳುವ ಸದ್ದು ಕೇಳಿತು; ಹೂಂ, ಹೇಳು ಅಕ್ಕ ಎಂದು ಕಾಯುತ್ತಿದ್ದ.