ಇಳಿಜಾರಿನಲ್ಲಿ ಟೇಪಕ್ಕ

ಬೆಳಕು ಹರಿಯುವಷ್ಟರಲ್ಲೇ ಗಂಡ ಹೆಂಡತಿಯ ನಡುವೆ ಮಾತು ನಿಂತಿದೆ. ಪೈನ್ ನೆಡುತೋಪಿನ ಕಡಿದಾದ ಇಳಿಜಾರು. ಉದುರಿದ ಸೂಜಿಯೆಲೆಗಳ ಮೇಲೆ ಕಾಲಿಟ್ಟರೆ ಜಾರುತ್ತದೆ. ಹೆಂಡತಿ ಊದಿಕೊಂಡ ಮಂಡಿ ಎಳೆದುಕೊಂಡು ಪ್ರತಿ ಮರಕ್ಕೂ ಇಳಿಜಾರಿನ ಮೇಲ್ಗಡೆಗೆ ಹತ್ತುತ್ತಾರೆ, ಎದೆಮಟ್ಟಕ್ಕೆ ಟೇಪು ಸುತ್ತಿ ಅಳತೆ ಕೂಗುತ್ತಾರೆ. ಗಂಡ ಕೆಳಗೆ ನಿಂತು, ಮುಖ ಗಂಟು ಹಾಕಿಕೊಂಡು ಬರೆದುಕೊಳ್ಳುತ್ತಾರೆ. ಈಕೆಯ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಅವರ ಹಿಂದೆ ಹತ್ತುತ್ತಿದ್ದೇನೆ.

ಕೂಲಿಯವರ ಬಾಯಲ್ಲಿ ಈಕೆ ‘ಟೇಪಕ್ಕ’. ತೋಪು ಕಡಿಯುವ ಮೊದಲು ಎಷ್ಟು ನಾಟಾ ಸಿಕ್ಕೀತು ಎಂದು ಅಂದಾಜು ಮಾಡುವುದು ಇವರ ಇಪ್ಪತ್ತು ವರ್ಷಗಳ ಕಸುಬು. ಎಲ್ಲ ಮರ ಅಳೆಯಲಾಗದು. ಅಲ್ಲಲ್ಲಿ ಗುರುತು ಹಾಕಿದ ಜಾಗಗಳಲ್ಲಿ ದಿನಕ್ಕೆ ಇನ್ನೂರು ಮರ ಅಳೆದು, ಅದರಿಂದ ಇಡೀ ಗುಡ್ಡದ ಲೆಕ್ಕ ಹೇಳಬೇಕು. “ಅಂದಾಜು ಅಂದ್ರೆ ಬಾಯಿಗೆ ಬಂದಿದ್ದು ಹೇಳೋದು ಅಂದ್ಕೊಂಡಿದಾರೆ ಜನ. ಹಾಗಿದ್ರೆ ಈ ಮಂಡಿ ಯಾಕೆ ಸವೀತಿತ್ತು?” ಎಂದು ನಗುತ್ತಾರೆ.

ಇವತ್ತು ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಗಂಡ ದಿಮ್ಮಿ ಕೊಯ್ಯುವುದು ಪಕ್ಕದ ಸಾಮಿಲ್ಲಿನ ಎರಡನೇ ಪಾಳಿಯಲ್ಲಿ. ಈ ತೋಪಿನ ಅಂದಾಜು ಕಡಿಮೆ ಬಂದರೆ ಆ ಪಾಳಿ ಮುಚ್ಚುವುದಾಗಿ ಮಾಲೀಕರು ಹೇಳಿಬಿಟ್ಟಿದ್ದಾರೆ. ಸಹಾಯಕ ರಜೆಯಲ್ಲಿದ್ದಾನೆಂದು ಗಂಡನೇ ಜೊತೆಗೆ ಬಂದಿದ್ದಾರೆ. ಅಳತೆಗಳು ಕಡಿಮೆಯೇ ಬರುತ್ತಿವೆ.

“ಕೆಳಗಡೆ ನಿಂತೇ ಸುತ್ತೇ. ನಿನ್ನ ಮಂಡಿಗೂ ಒಳ್ಳೇದು,” ಎನ್ನುತ್ತಾರೆ ಗಂಡ. ಕೇಳಲು ಕಾಳಜಿಯ ಮಾತೇ. ಆದರೆ ಇಳಿಜಾರಿನಲ್ಲಿ ಕೆಳಗೆ ನಿಂತರೆ ಟೇಪು ಬುಡಕ್ಕೆ ಹತ್ತಿರವಾಗುತ್ತದೆ. ಬುಡ ದಪ್ಪ, ಮರ ಕಾಗದದ ಮೇಲೆ ಕೊಬ್ಬುತ್ತದೆ. ಒಂದು ಹೆಜ್ಜೆ ಕೆಳಗಿಳಿದರೆ ಪಾಳಿ ಉಳಿಯುತ್ತದೆ, ಯಾರ ಕಣ್ಣಿಗೂ ಬೀಳದು. ಇಳಿದುಬಿಡಲಿ ಎಂದು ನನಗೇ ಅನ್ನಿಸುತ್ತದೆ.

“ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಮನೇಲಿ ಎಷ್ಟು ಬೇಕಾದ್ರೂ ಬೈರಿ, ಇಲ್ಲಿ ಬರ್ಕೊಳ್ಳಿ,” ಎನ್ನುತ್ತಾರೆ ಟೇಪಕ್ಕ.

ಕೊನೆಯ ಸಾಲಿನಲ್ಲಿ ಮಂಡಿ ಕೈಕೊಡುತ್ತದೆ. ಕುಸಿದು ಕೂತವರ ಕೈಯಿಂದ ಗಂಡ ಟೇಪು ತೆಗೆದುಕೊಳ್ಳುತ್ತಾರೆ. ಉಳಿದಿರುವುದು ದಪ್ಪ ಮರಗಳು, ಕೆಳಗೆ ನಿಂತು ಅಳೆದರೆ ಲೆಕ್ಕ ಬೇಗ ಏರುತ್ತದೆ. ಟೇಪಕ್ಕ ಬೇಡ ಎನ್ನುವುದಿಲ್ಲ. ಕಣ್ಣು ಮಾತ್ರ ಗಂಡನ ಕಾಲಿನ ಮೇಲಿದೆ. ಆತ ಮರದ ಕೆಳಗೆ ನಿಲ್ಲುತ್ತಾರೆ. ಟೇಪು ಬಿಚ್ಚುತ್ತಾರೆ. ಆಮೇಲೆ ಯಾರನ್ನೋ ಬೈದುಕೊಳ್ಳುತ್ತಾ, ಬೇರು ಹಿಡಿದು ಮೇಲ್ಗಡೆಗೆ ಹತ್ತುತ್ತಾರೆ. ಅಲ್ಲಿಂದ ಅಳತೆ ಕೂಗುತ್ತಾರೆ. ಪಾಳಿ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತು.

“ಇಲ್ಲದ ಮರಾನ ನಾನೇನು ಕೊಯ್ಯಲಿ?” ಎಂದು ಗೊಣಗುತ್ತಾ ಆತ ಮುಂದಿನ ಮರಕ್ಕೆ ಹೋಗುತ್ತಾರೆ.

ಟೇಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗುತ್ತಾರೆ: “ನನ್ನ ಬಗ್ಗೆ ಬರೆದಿದ್ದು ಸಾಕು ಸಾರ್. ಇವರು ಮೇಲ್ಗಡೆ ನಿಂತು ಅಳೆದ್ರು ಅಂತ ಬರೀರಿ.”