ಕಳ್ಳಸಾಹೇಬರ ಹೊಸ ಕೊಕ್ಕೆಗಳು

ವಿದ್ಯುತ್ ಕಚೇರಿಯ ಬಿಲ್ ವಿಭಾಗದ ಮುಖ್ಯಸ್ಥರಿಗೆ ಕೀಲಿಕೈ ಇಲ್ಲದೆ ಬೀಗ ತೆಗೆಯುವ ಹುಚ್ಚು. ಅದಕ್ಕೇ ಕಚೇರಿಯಲ್ಲಿ ಬೆನ್ನ ಹಿಂದೆ ಅವರ ಹೆಸರು ಕಳ್ಳಸಾಹೇಬರು. ಪಾಪ, ಕಳ್ಳರಿಗೆ ಅವಮಾನ! ಈ ಮಹಾಶಯರು ಈವರೆಗೆ ತೆಗೆದದ್ದು ಒಂದೇ ಒಂದು ಪ್ಲಾಸ್ಟಿಕ್ ಬೀಗ, ಅದೂ ಕಲಿಯುವವರಿಗೆಂದೇ ಒಳಗಿನದೆಲ್ಲ ಕಾಣುವಂತೆ ಮಾಡಿದ್ದು.

ಉಳಿದ ಬೀಗಗಳು ಬಗ್ಗದಿದ್ದರೆ ಅದು ಸಲಕರಣೆಯ ತಪ್ಪು. ಬೀಗ ಕೆದಕಲು ತರಿಸಿದ ಮೊದಲ ಸೆಟ್ಟಿನ ಕೊಕ್ಕೆ ದಪ್ಪ ಎಂದರು. ಎರಡನೆಯದರ ಹಿಡಿ ಜಾರುತ್ತದೆ ಎಂದರು. "ನೀವು ಜೋರಾಗಿ ಒತ್ತುತ್ತೀರಿ ಅಷ್ಟೇ. ಕೈ ಸ್ವಲ್ಪ ಹಗುರ ಮಾಡ್ಕೊಳ್ಳಿ" ಎಂದಳು ಹೆಂಡತಿ. "ನಿಂಗೇನು ಗೊತ್ತು, ಸುಮ್ನಿರು" ಎಂದು ಗದರಿ, ಇನ್ನೂ ತೆಳುವಾದ ಉಕ್ಕಿನ ಮೂರನೆಯ ಸೆಟ್ಟು ತರಿಸಿದರು.

ಅದು ಬಂದ ದಿನವೇ ಮಗಳು ಸಂದರ್ಶನದಲ್ಲಿ ಫೇಲಾಗಿ ಮನೆಗೆ ಬಂದಳು. ನೆಂಟರೆಲ್ಲ ಕೂತಿದ್ದರು. "ಇದೂ ಕೈತಪ್ತಾ? ಬಾಯಿ ಬಿಟ್ರೆ ತಾನೆ ಕೆಲಸ ಸಿಗೋದು!" ಎಂದು ಅಪ್ಪ ನಕ್ಕರು. ನೆಂಟರೂ ನಕ್ಕರು. ಮಗಳು ಕೋಣೆಗೆ ಹೋಗಿ ಒಳಗಿನಿಂದ ಬೀಗ ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ.

"ಹೋಗಿ ಒಂದು ಒಳ್ಳೆ ಮಾತಾಡ್ರೀ. ನಿಮ್ಮಿಂದಾನೇ ಅವಳು ಅಳ್ತಿರೋದು" ಎಂದಳು ಹೆಂಡತಿ. ಸಾಹೇಬರು ಎದ್ದರು. ಮಗಳ ಅಳು ಕೇಳಿ ಅವರ ಕರುಳೂ ಚುರುಕ್ ಎಂದಿತ್ತು, ಸುಳ್ಳಲ್ಲ. ಆದರೆ ತಪ್ಪಾಯ್ತು ಎನ್ನಲು ನಾಲಗೆ ಹೊರಳಬೇಕಲ್ಲ! ಹೋಗಿ ಕೊಕ್ಕೆಗಳ ಡಬ್ಬಿ ತಂದರು. ಬಾಗಿಲ ಮುಂದೆ ಮಂಡಿಯೂರಿ, ಈ ಕೊಕ್ಕೆಯೋ ಆ ಕೊಕ್ಕೆಯೋ ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ಆರಿಸುತ್ತ ಕೂತರು. ಆಮೇಲೆ ಬೀಗ ಕೆದಕತೊಡಗಿದರು. ಸದ್ದು ಕೇಳಿ ಒಳಗೆ ಅಳು ನಿಂತಿತು. ಕಟಕ್!

"ಅಬ್ಬಾ! ನೋಡಿದ್ಯೇನೇ? ನಾನು ಹೇಳ್ಲಿಲ್ವಾ, ಎಲ್ಲ ಉಕ್ಕಿನ ಮಹಿಮೆ!" ಎಂದು ಹೆಂಡತಿಯತ್ತ ತಿರುಗಿದರು. ಕುಣಿಯುವುದೊಂದು ಬಾಕಿ.

ಮಗಳು ಮಂಚದ ಮೇಲೆ ಕೂತಿದ್ದಳು, ಕಣ್ಣು ಊದಿತ್ತು. "ಅಪ್ಪಾ, ಬಾಗಿಲು ತಟ್ಟೋಕೆ ಬರಲ್ವಾ ನಿಮಗೆ? ಒಂದ್ಸಲ ಕರೆದಿದ್ರೆ ನಾನೇ ತೆಗೀತಿದ್ದೆ" ಎಂದಳು.

ಮರುದಿನ ಬಡಗಿ ಬಂದು ಆ ಬಾಗಿಲಿಗೆ ಒಳಗಡೆ ಚಿಲಕ ಹಾಕಿ ಹೋದ. ಕರೆಸಿದ್ದು ಹೆಂಡತಿಯೇ. ಸಂಜೆ ಸಾಹೇಬರು ಬಂದು ನೋಡಿದರೆ ಬಾಗಿಲು ಭದ್ರ. ಕೊಕ್ಕೆ ತೂರಿಸಲು ಚಿಲಕಕ್ಕೆ ಕಂಡಿಯೇ ಇಲ್ಲ. ಒಳಗೆ ತಾಯಿ ಮಗಳು ಮಾತಾಡುತ್ತಿದ್ದರು.

ಅಂತೂ ಬಾಗಿಲು ತಟ್ಟಿದರು. ಒಳಗೆ ಮಾತು ನಿಂತಿತು. ತಮ್ಮ ಬಾಯಿಂದ ಬರುವ ಮಾತಿಗೇ ಒಳಗಿನವರಿಬ್ಬರೂ ಕಾಯುತ್ತಿದ್ದಾರೆಂದು ಸಾಹೇಬರಿಗೆ ಚೆನ್ನಾಗಿ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡರು.

"ಚಿಲಕ ಯಾವ ಕಂಪನಿದು?" ಎಂದು ಕೇಳಿದರು.