ಷಡ್ಡಕನ ಸೊಂಟದ ಅಳತೆ

ಷಡ್ಡಕ ನಾಲ್ಕನೇ ಸಲ ಪ್ಯಾಂಟಿನ ಸೊಂಟ ಸಣ್ಣ ಮಾಡಿಸಲು ಬಂದಾಗ ಟೇಲರ್ ಅವನನ್ನು ಬೇಕೆಂದೇ ಇಪ್ಪತ್ತು ನಿಮಿಷ ಕಾಯಿಸಿದ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಆಗಲೇ ಹಾಕಿ ಮುಗಿಸಿದ್ದ ಒಂದು ಕೋಟಿನ ಗುಂಡಿಯನ್ನು ಕತ್ತರಿಸಿ ತೆಗೆದು, ಮತ್ತೆ ಅದೇ ಜಾಗಕ್ಕೆ ಹೊಲಿಯುತ್ತ ಕೂತ.

"ಭಾವ, ಈ ಸಲ ಎರಡಿಂಚು ಹಿಡೀಬಹುದೇನೋ ನೋಡಿ," ಎಂದು ಷಡ್ಡಕ ಪ್ಯಾಂಟಿನ ಮುಂಭಾಗವನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ತೋರಿಸಿದ. ಹೊಟ್ಟೆಗೂ ಬಟ್ಟೆಗೂ ನಡುವೆ ಒಂದು ಪುಸ್ತಕ ತೂರಿಸುವಷ್ಟು ಜಾಗವಿತ್ತು.

"ಹೊಸದೇ ಹೊಲಿಸ್ಕೊಳಯ್ಯಾ. ಹಿಂದಿನ ಜೇಬೆರಡೂ ಆಗ್ಲೇ ಒಂದಕ್ಕೊಂದು ಮುತ್ತು ಕೊಡೋ ಹಾಗಿವೆ."

"ಇನ್ನೂ ಇಳೀತಾ ಇದ್ದೀನಲ್ಲ ಭಾವ. ಎಲ್ಲಾದ್ರೂ ಒಂದು ಕಡೆ ನಿಲ್ಲಲಿ."

ಟೇಲರ್ ಟೇಪು ಸುತ್ತಿದ. ಅಳತೆ ಪುಸ್ತಕದಲ್ಲಿ ಪ್ರತಿ ಗಿರಾಕಿಗೂ ಒಂದೊಂದು ಪುಟವಿದೆ. ಷಡ್ಡಕನ ಪುಟದಲ್ಲಿ ನಲವತ್ತೆರಡನ್ನು ಹೊಡೆದು ನಲವತ್ತು, ಅದನ್ನೂ ಹೊಡೆದು ಮೂವತ್ತೊಂಬತ್ತು, ಆಮೇಲೆ ಮೂವತ್ತೆಂಟು. ಈಗ ಅದನ್ನೂ ಹೊಡೆದು ಮೂವತ್ತಾರೂವರೆ ಎಂದು ಬರೆದ. ಪೆನ್ಸಿಲ್ಲಿನ ಮೊನೆ ಮುರಿಯಿತು.

ಇಬ್ಬರೂ ಅಕ್ಕತಂಗಿಯರ ಗಂಡಂದಿರು. ಅಕ್ಕನನ್ನು ಕಟ್ಟಿಕೊಂಡವನು ಟೇಲರ್, ವಯಸ್ಸು ನಲವತ್ತಾರು, ತೂಕ ನೂರನಾಲ್ಕು ಕಿಲೋ. ತಂಗಿಯನ್ನು ಕಟ್ಟಿಕೊಂಡವನು ಅವನಿಗಿಂತ ಐದು ವರ್ಷ ಚಿಕ್ಕವನು, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಹದಿನಾಲ್ಕು ವರ್ಷ ಇವರಿಬ್ಬರೂ ಒಂದೇ ಗಾತ್ರದವರಾಗಿದ್ದರು. ಮನೆಯ ಸಮಾರಂಭಗಳಲ್ಲಿ ಫೋಟೋ ತೆಗೆಯುವವನು ಬಾಯಿಬಿಟ್ಟು ಹೇಳುವ ಮೊದಲೇ ಇಬ್ಬರೂ ಎದ್ದು ಹಿಂದಿನ ಸಾಲಿನ ಎರಡು ತುದಿಗೆ ಹೋಗಿ ನಿಲ್ಲುತ್ತಿದ್ದರು. ಅತ್ತೆ ಅವರನ್ನು 'ನನ್ನ ಎರಡು ಬೀರು' ಎಂದು ಕರೆಯುತ್ತಿದ್ದರು. ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಒಬ್ಬನೇ ಬೀರುವಾಗಿ ಉಳಿದರೆ ಅದೇ ಮಾತು ಹೇಗೆ ಕೇಳಿಸುತ್ತದೆ ಎಂಬುದು ಟೇಲರ್‌ಗೆ ಕಳೆದ ಹತ್ತು ತಿಂಗಳಲ್ಲಿ ಗೊತ್ತಾಗಿತ್ತು.

ಹತ್ತು ತಿಂಗಳ ಹಿಂದೆ ಷಡ್ಡಕನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು, ತೂಕ ಇಳಿಸು ಎಂದರು. ಅವನು ಒಂದು ಮೌಂಟೇನ್ ಬೈಕ್ ಕೊಂಡ. ದಪ್ಪ ಟೈರು, ಅಗಲದ ಹ್ಯಾಂಡಲ್ಲು, ಮುಂದಿನ ಚಕ್ರದ ಮೇಲೆ ಸ್ಪ್ರಿಂಗು. ಊರಾಚೆ ಮುಚ್ಚಿದ ಕಲ್ಲುಕ್ವಾರಿಯ ಹಿಂದೆ ಒಂದು ಗುಡ್ಡವಿದೆ. ಪ್ರತಿ ಭಾನುವಾರ ಏಳೆಂಟು ಜನರ ಗುಂಪು ಅಲ್ಲಿ ಸೈಕಲ್ ಹತ್ತಿಸುತ್ತದೆ. ಗುಂಪಿನ ಮುಂದಾಳು ಅರವತ್ತೊಂದು ವರ್ಷದ ನಿವೃತ್ತ ನರ್ಸ್. ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಆ ಗುಂಪಿಗೆ ಸೇರಿದ ಷಡ್ಡಕ ಇಪ್ಪತ್ತು ಕಿಲೋ ಇಳಿದ.

ನಾಲ್ಕನೇ ಸಲ ಸಣ್ಣ ಮಾಡಿದ ಪ್ಯಾಂಟು ತೊಟ್ಟು ಅವನು ಮನೆಯೊಳಗೆ ಬಂದಾಗ ಟೇಲರ್‌ನ ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನೋಡಿದಳು.

"ಮದುವೆ ದಿನ ಇದ್ದ ಹಾಗಾಗಿಬಿಟ್ಟೆಯಲ್ಲೋ!"

ಅವನು ಹೋದ ಮೇಲೆ ಟೇಲರ್ ಹೇಳಿದ: "ಹಾಗೆ ಕಾಣೋದು ನಾನು ಹೊಲಿದಿರೋದಕ್ಕೆ."

"ನಿಮ್ಮ ಪ್ಯಾಂಟೂ ನೀವೇ ತಾನೇ ಹೊಲ್ಕೊಳ್ಳೋದು?" ಎಂದಳು ಹೆಂಡತಿ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮಾರನೆಯ ದಿನವೇ ಟೇಲರ್ ಷಡ್ಡಕನಿಗೆ ಫೋನ್ ಮಾಡಿ ತಾನೂ ಬರುವುದಾಗಿ ಹೇಳಿದ. ಷಡ್ಡಕ ಕುಣಿದಾಡಿದ. ಹಗುರದ ಹೊಸ ಬೈಕ್ ಕೊಂಡಿದ್ದರಿಂದ ಅವನ ಮೊದಲಿನದು ಖಾಲಿಯಿತ್ತು. ಅದನ್ನು ತೊಳೆದು, ಚೈನಿಗೆ ಎಣ್ಣೆ ಹಾಕಿ, ತಾನೇ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಕೂತು ತುಳಿಯಲು ಹಾಕುವ ಮೆತ್ತೆಯ ಚಡ್ಡಿಯನ್ನೂ ಕೊಟ್ಟ. "ನನಗೆ ದೊಡ್ಡದಾಯ್ತು ಭಾವ. ನಿಮಗೆ ಸರಿಯಾಗಿ ಕೂರತ್ತೆ."

ಸರಿಯಾಗಿ ಕೂರಲಿಲ್ಲ. ಎರಡೂ ಪಕ್ಕ ಬಿಚ್ಚಿ ಪಟ್ಟಿ ಕೊಡಬೇಕಾಯಿತು.

ಮೊದಲ ಭಾನುವಾರ ಟೇಲರ್ ಗುಡ್ಡದ ಮೊದಲ ತಿರುವನ್ನೂ ಮುಟ್ಟಲಿಲ್ಲ. ಜಲ್ಲಿಯ ಮೇಲೆ ಹಿಂದಿನ ಚಕ್ರ ಸುಮ್ಮನೆ ಸುತ್ತಿತು. ಗೇರು ಬದಲಿಸಲು ಹೋಗಿ ಭಾರದ ಗೇರಿಗೆ ಹಾಕಿದ. ಸೈಕಲ್ ನಿಂತುಬಿಟ್ಟಿತು, ನಿಂತ ಸೈಕಲ್ಲಿನಿಂದ ನಿಧಾನವಾಗಿ, ಎಲ್ಲರಿಗೂ ನೋಡಲು ಸಮಯ ಸಿಗುವಂತೆ, ಎಡಕ್ಕೆ ಬಿದ್ದ. ಮೊಣಕೈ ತರಚಿತು. ಕಿವಿಯೊಳಗೆ ಎದೆ ಬಡಿಯುತ್ತಿತ್ತು.

"ಬೀಳೋದನ್ನ ಕಲಿತ್ರಿ, ಅರ್ಧ ಕಲಿತ ಹಾಗೆ," ಎಂದರು ಸಿಸ್ಟರ್. "ಉಳಿದರ್ಧ ಏಳೋದು. ಏಳಿ."

ಷಡ್ಡಕ ಮಾತ್ರ ನಗಲಿಲ್ಲ. ಮೇಲಿನಿಂದ ಇಳಿದು ಬಂದು ಸೈಕಲ್ ಎತ್ತಿಕೊಟ್ಟ. ಆಮೇಲಿನ ಭಾನುವಾರಗಳಲ್ಲೂ ಪ್ರತಿ ತಿರುವಿನಲ್ಲಿ ಒಂದು ಕಾಲು ನೆಲಕ್ಕೆ ಊರಿ, ನೀರು ಗುಟುಕರಿಸುತ್ತ ಇವನಿಗಾಗಿ ಕಾದ. "ಚೆನ್ನಾಗಿ ಬರ್ತಿದೀರ ಭಾವ! ನಾನು ಶುರು ಮಾಡ್ದಾಗ ಇಷ್ಟೂ ಆಗ್ತಿರ್ಲಿಲ್ಲ." ಟೇಲರ್‌ಗೆ ಬೈಗುಳವಾದರೂ ಸಹ್ಯವಿತ್ತು, ಈ ಕಾಯುವಿಕೆ ಸಹ್ಯವಿರಲಿಲ್ಲ. ತಾನು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಅವನ ಬೆವರು ಆರಿರುತ್ತಿತ್ತು. ತಲುಪಿದ ಕೂಡಲೇ ಅವನು ಹೊರಡುತ್ತಿದ್ದ. ಕಾದವನಿಗೆ ವಿಶ್ರಾಂತಿ ಸಿಕ್ಕಿತ್ತು, ತಡವಾಗಿ ಬಂದವನಿಗೆ ಅದೂ ಇಲ್ಲ.

ಎರಡು ತಿಂಗಳಲ್ಲಿ ಟೇಲರ್ ಮೂರು ಕಿಲೋ ಇಳಿದ. ಯಾರೂ ಗಮನಿಸಲಿಲ್ಲ. ನಡೆಯುತ್ತ ಸೈಕಲ್ ತಳ್ಳುವಾಗ ತಿನ್ನಲೆಂದು ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಳ್ಳುತ್ತಿದ್ದುದನ್ನೂ ಯಾರೂ ಗಮನಿಸಲಿಲ್ಲ.

ಆ ಹೊತ್ತಿಗೆ ಷಡ್ಡಕ ಐದನೇ ಸಲ ಬಂದ. ಈ ಸಲ ಕೆಲಸಕ್ಕೆ ಹಾಕುವ ಎರಡೂ ಪ್ಯಾಂಟು ತಂದಿದ್ದ.

ಸೊಂಟ ಅಳೆಯುವಾಗ ಟೇಪಿನ ಒಳಗೆ ತನ್ನ ಒಂದು ಬೆರಳಿಟ್ಟುಕೊಳ್ಳುವುದು ಟೇಲರ್‌ನ ಪದ್ಧತಿ. ಕೂತು ಕೆಲಸ ಮಾಡುವವರಿಗೆ ಎರಡು ಬೆರಳು. ಉಂಡ ಮೇಲೆ ಹೊಟ್ಟೆ ಉಬ್ಬಲು, ಬಗ್ಗಿದಾಗ ಉಸಿರಾಡಲು ಆ ಬೆರಳಿನಷ್ಟು ಸಡಿಲ ಬೇಕು. ಇಪ್ಪತ್ತೈದು ವರ್ಷದಲ್ಲಿ ಅವನು ಬೆರಳಿಡದೆ ಯಾರನ್ನೂ ಅಳೆದಿರಲಿಲ್ಲ. ಅಂದು ಷಡ್ಡಕ ಕೈಯೆತ್ತಿ ನಿಂತು ಹೊಸ ಬೈಕಿನ ಬ್ರೇಕಿನ ಬಗ್ಗೆ ಹೇಳುತ್ತಿದ್ದ. ಟೇಲರ್ ಬೆರಳನ್ನು ಹೊರಗೆ ತೆಗೆದ. ಬಂದ ಅಳತೆಯಿಂದ ಇನ್ನೂ ಅರ್ಧ ಇಂಚು ಕಳೆದು ಬರೆದ.

ವಾರದೊಳಗೆ ಫೋನ್ ಬಂತು. "ಭಾವ, ಗುಂಡಿ ಹಾಕೋಕೇ ಆಗ್ತಿಲ್ಲ. ಎರಡೂ ಹಾಗೇ. ಮತ್ತೆ ದಪ್ಪ ಆಗ್ತಿದೀನಿ ಅನ್ಸುತ್ತೆ."

"ಆಗಿರಬಹುದು," ಎಂದ ಟೇಲರ್. "ಎಷ್ಟು ದಿನ ಅಂತ ಇಳೀತೀಯ. ಮೈ ಅಲ್ವಾ, ಅದಕ್ಕೂ ಒಂದು ಹಟ ಇರತ್ತೆ."

"ತೂಕದ ಮಷೀನು ಏನೂ ಏರಿಲ್ಲ ಅಂತ ತೋರಿಸ್ತಿದೆ. ಆದ್ರೆ ಸಿಸ್ಟರ್ ಹೇಳ್ತಾರಲ್ಲ, ಮಷೀನು ನೋಡ್ಬೇಡಿ, ಸೊಂಟ ನೋಡಿ ಅಂತ. ನೀವು ಹೊಲಿದ ಪ್ಯಾಂಟು ಸುಳ್ಳು ಹೇಳತ್ತಾ?"

ಫೋನ್ ಇಟ್ಟ ಮೇಲೆ ಟೇಲರ್ ಬಹಳ ದಿನಗಳ ನಂತರ ಸಿಳ್ಳೆ ಹಾಕುತ್ತ ಕತ್ತರಿ ಆಡಿಸಿದ. ಮೂರು ವಾರ ಅವನ ಹೊಟ್ಟೆಯುರಿ ತಣ್ಣಗಿತ್ತು. ಷಡ್ಡಕನ ಮುಖ ಸಪ್ಪಗಾಗಿತ್ತು, ಬ್ರೇಕಿನ ಮಾತು ನಿಂತಿತ್ತು. ಅವನು ಸಂಜೆಯ ಊಟ ಬಿಟ್ಟ ಎಂದು ನಾದಿನಿ ಅಕ್ಕನಿಗೆ ಹೇಳಿದಾಗ ಟೇಲರ್ ಎದುರಿಗೇ ಇದ್ದ. ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿಕೊಂಡ.

ನಾಲ್ಕನೇ ಭಾನುವಾರ ಗುಡ್ಡದಲ್ಲಿ ಮೊದಲ ತಿರುವಿನಲ್ಲಿ ಷಡ್ಡಕ ಕಾದಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದಕ್ಕೆ ಸ್ವಲ್ಪ ಮುಂಚೆ ದಾರಿಯ ಪಕ್ಕ ಅವನ ಸೈಕಲ್ ಬಿದ್ದಿತ್ತು. ಅವನು ಬಂಡೆಗೊರಗಿ ಕೂತಿದ್ದ. ಕೈ ನಡುಗುತ್ತಿತ್ತು, ಅಂಗಿ ತೊಯ್ದು ಮೈಗೆ ಅಂಟಿತ್ತು, ತುಟಿ ಬೆಳ್ಳಗಾಗಿತ್ತು.

ಟೇಲರ್‌ಗೆ ಮೊದಲು ಹೊಳೆದದ್ದು, ಕೊನೆಗೂ ಇವನನ್ನು ಹಿಡಿದೆ ಎಂಬುದು. ಅದನ್ನು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಎರಡನೆಯದಾಗಿ ಹೆದರಿಕೆ.

"ತಿಂಡಿ ತಿಂದ್ಯೇನೋ?"

"ಇಲ್ಲ... ಮಾತ್ರೆ ತಗೊಂಡೆ."

ಟೇಲರ್ ಜೇಬಿನಿಂದ ಬಿಸ್ಕತ್ತು ತೆಗೆದು ಒಂದೊಂದಾಗಿ ಅವನ ಬಾಯಿಗಿಟ್ಟ. ಆರು ಬಿಸ್ಕತ್ತು, ಅರ್ಧ ಬಾಟಲಿ ನೀರು. ಕೂಗಿದ್ದು ಕೇಳಿ ಸಿಸ್ಟರ್ ಮೇಲಿನಿಂದ ಇಳಿದು ಬಂದು ನಾಡಿ ಹಿಡಿದರು, ಕಣ್ಣು ನೋಡಿದರು. ಸಕ್ಕರೆ ಇಳಿದಿದೆ, ಬಿಸ್ಕತ್ತು ಸಿಗದೇ ಹೋಗಿದ್ದರೆ ಕಷ್ಟವಿತ್ತು ಎಂದರು.

ಆ ಸಂಜೆ ನಾದಿನಿ ಟೇಲರ್‌ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನೀವಿಲ್ದಿದ್ರೆ ಏನು ಗತಿ ಭಾವ!" ಅವನ ಹೆಂಡತಿ ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. ಗಂಡನ ಮುಖವನ್ನು, ಅಂದು ಷಡ್ಡಕನ ಪ್ಯಾಂಟು ನೋಡಿದಷ್ಟೇ ಹೊತ್ತು ನೋಡಿದಳು. "ಇಳಿದಿದೀರ ಕಣ್ರೀ. ಕೆನ್ನೆ ಹತ್ರ ಗೊತ್ತಾಗತ್ತೆ," ಎಂದಳು. ಒಂದು ವರ್ಷದಿಂದ ಅವನು ಹಂಬಲಿಸಿದ್ದು ಇಷ್ಟನ್ನೇ. ಸಿಕ್ಕಿತು, ರುಚಿಸಲಿಲ್ಲ.

ಗುರುವಾರ ಷಡ್ಡಕ ಎರಡೂ ಪ್ಯಾಂಟು ಹಿಡಿದು ಅಂಗಡಿಗೆ ಬಂದ. ಡಾಕ್ಟರು ಮಾತ್ರೆ ಕಡಿಮೆ ಮಾಡಿ, ಮೂರು ಹೊತ್ತೂ ತಿನ್ನಲೇಬೇಕು ಎಂದಿದ್ದರಂತೆ.

"ತಿನ್ತಿದೀಯ ತಾನೇ?"

"ಎಲ್ಲಿ ಭಾವ. ಪ್ಯಾಂಟು ಇನ್ನೂ ಹಿಡೀತಿದೆ. ಬೆಳಗ್ಗೆದು ತಿನ್ತೀನಿ, ಸಂಜೆದು ಬಿಟ್ಟಿದೀನಿ. ಅವಳಿಗೆ ಹೇಳ್ಬೇಡಿ."

ಟೇಲರ್ ಮಷೀನಿನ ಮೇಲಿಂದ ಕಾಲು ತೆಗೆದ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಎರಡೂ ಪ್ಯಾಂಟನ್ನು ಸದ್ದಿಲ್ಲದೆ ಸಡಿಲ ಮಾಡಿಕೊಟ್ಟು, ನೋಡು ಮತ್ತೆ ಇಳಿದೆ ಎಂದುಬಿಡಬಹುದಿತ್ತು. ಅವನು ಅದನ್ನೂ ಯೋಚಿಸಿದ. ಆದರೆ ಹಾಗೆ ಮಾಡಿದರೆ ಊಟ ಬಿಟ್ಟಿದ್ದರಿಂದಲೇ ಇಳಿದೆ ಎಂದು ಷಡ್ಡಕ ನಂಬುತ್ತಾನೆ, ಮುಂದೆಯೂ ಬಿಡುತ್ತಾನೆ.

"ನೀನು ದಪ್ಪ ಆಗಿಲ್ಲ," ಎಂದ. "ಪ್ಯಾಂಟು ನಾನು ಚಿಕ್ಕದು ಮಾಡಿದ್ದು."

"ತಪ್ಪಾಯ್ತಾ ಅಳತೆ?"

"ತಪ್ಪಲ್ಲ. ಬೇಕಂತ ಮಾಡಿದ್ದು."

ಷಡ್ಡಕ ಸ್ಟೂಲಿನ ಮೇಲೆ ಕೂತ. "ಯಾಕೆ?"

"ಹೊಟ್ಟೆಕಿಚ್ಚು."

ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತ ಬಹಳ ಹೊತ್ತು ಕೀಂಗುಟ್ಟಿತು.

"ಹೊಟ್ಟೆಕಿಚ್ಚು ನಿಮಗೆ, ಉಪವಾಸ ನನಗೆ," ಎಂದ ಷಡ್ಡಕ. "ಚೆನ್ನಾಗಿದೆ ಭಾವ ನ್ಯಾಯ." ಎದ್ದು ಪ್ಯಾಂಟುಗಳನ್ನು ಮಡಚಿ ಚೀಲಕ್ಕೆ ಹಾಕಿದ. "ಕೊಡು, ಸರಿ ಮಾಡ್ತೀನಿ," ಎಂದು ಟೇಲರ್ ಕೈ ಚಾಚಿದ. ಷಡ್ಡಕ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಬೇಡ. ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಇದಾನೆ. ಅವನಿಗೆ ನಾನು ಯಾರೂ ಅಲ್ಲ. ಅತ್ತಿಗೆಗೆ ಹೇಳಿದೀರಾ ಇದನ್ನ?"

"ಇಲ್ಲ."

"ಮೊದ್ಲು ಅವರಿಗೆ ಹೇಳಿ. ಹೇಳಿದ್ರೆ ಭಾನುವಾರ ಬನ್ನಿ. ಇಲ್ದಿದ್ರೆ ಸೈಕಲ್ ವಾಪಸ್ ಕಳ್ಸಿ."

ಟೇಲರ್ ಹೆಂಡತಿಗೆ ಹೇಳಲು ಶನಿವಾರದ ಮಧ್ಯಾಹ್ನದವರೆಗೆ ತೆಗೆದುಕೊಂಡ. ಅವಳು ತರಕಾರಿ ಹೆಚ್ಚುತ್ತ ಪೂರ್ತಿ ಕೇಳಿದಳು. ಬೈಯಲಿಲ್ಲ. "ನಾನು ಅವನನ್ನ ಹೊಗಳಿದ್ದು ಅಷ್ಟು ಚುಚ್ತಾ?" ಎಂದು ಕೇಳಿದಳು. ಹೌದು ಎಂದ. "ಹಾಗಂತ ನನಗೆ ಹೇಳ್ಬಹುದಿತ್ತಲ್ಲ, ಆ ಬಡಪಾಯಿ ಸೊಂಟ ಯಾಕೆ ಬಿಗಿದ್ರಿ?" ಎಂದು ಚಾಕು ಕೆಳಗಿಟ್ಟು ತಂಗಿಗೆ ಫೋನ್ ಮಾಡಲು ಒಳಗೆ ಹೋದಳು. ಆ ಫೋನ್ ಮುಕ್ಕಾಲು ಗಂಟೆ ನಡೆಯಿತು. ಕೆನ್ನೆಯ ಮಾತನ್ನು ಅವಳು ಮತ್ತೆ ಆಡಲಿಲ್ಲ.

ಭಾನುವಾರ ಗುಡ್ಡದ ಬುಡದಲ್ಲಿ ಷಡ್ಡಕ ಇದ್ದ, ಸೈಕಲ್ಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತ. ಟೇಲರ್‌ನನ್ನು ನೋಡಿ ಸಿಪ್ಪೆಯನ್ನು ಚೀಲಕ್ಕೆ ತುರುಕಿದ.

"ಹೇಳಿದ್ರಂತೆ."

"ಹೇಳ್ದೆ."

"ಹಾಗಾದ್ರೆ ನೀವು ಮುಂದೆ ಹೋಗಿ."

"ನಾನಾ? ನನ್ನ ಹಿಂದೆ ಬಂದ್ರೆ ನೀವೆಲ್ಲ ತಲುಪೋಷ್ಟರಲ್ಲಿ ಮಧ್ಯಾಹ್ನ ಆಗತ್ತೆ."

"ಆಗ್ಲಿ. ಇಷ್ಟು ದಿನ ನಿಮ್ಮನ್ನ ಬೆನ್ನ ಹಿಂದೆ ಬಿಟ್ಕೊಂಡು ಹೋಗ್ತಿದ್ದೆ. ಇನ್ಮೇಲೆ ನನ್ನ ಕಣ್ಮುಂದೆ ಇರಿ."

ಸಿಸ್ಟರ್ ಒಬ್ಬರೇ ನಕ್ಕರು. ಉಳಿದವರು ಗೇರು ನೋಡಿಕೊಳ್ಳುವ ನೆಪ ಮಾಡಿದರು.

ಟೇಲರ್ ಹಗುರದ ಗೇರಿಗೆ ಹಾಕಿ ತುಳಿದ. ಮೊದಲ ತಿರುವು ದಾಟಿದ, ಕಾಲು ಊರಲಿಲ್ಲ. ಎರಡನೆಯದಕ್ಕೆ ಮುಂಚೆ ತೊಡೆಗಳಲ್ಲಿ ಬೆಂಕಿ ಹತ್ತಿತು. ಇಳಿದು ತಳ್ಳಬೇಕೆನಿಸಿತು. ಇಳಿದರೆ ಹಿಂದಿರುವವರೆಲ್ಲ ನಿಲ್ಲಬೇಕು, ಷಡ್ಡಕ ನೋಡುತ್ತಾನೆ. ಇಳಿಯಲಿಲ್ಲ. ಬೆನ್ನ ಹಿಂದೆ ಷಡ್ಡಕನ ಚೈನಿನ ಸದ್ದು ಕೇಳುತ್ತಿತ್ತು, ಉಸಿರಿನ ಸದ್ದು ಕೇಳುತ್ತಿರಲಿಲ್ಲ. ಅವನು ಸಿಸ್ಟರ್ ಜೊತೆ ಬ್ರೇಕಿನ ಬಗ್ಗೆ ಮಾತಾಡುತ್ತಿದ್ದ, ಏರಿನಲ್ಲಿ, ಮನೆಯ ಜಗುಲಿಯಲ್ಲಿ ಕೂತು ಹರಟುವಷ್ಟು ಸಲೀಸಾಗಿ.

ಟೇಲರ್‌ನ ಹೊಟ್ಟೆ ಮತ್ತೆ ಉರಿಯಿತು. ತಲೆ ತಗ್ಗಿಸಿ ಇನ್ನೂ ಜೋರಾಗಿ ತುಳಿದ.